ಅತ್ತೆಗಾಗಿ ಹರಾಜಿನಲ್ಲಿ ಹಿಡಿದ ಆರ್‌ವಿ

ನಾನು ಏನಾದರೂ ಕೊಂಡುಕೊಂಡರೆ ಅದರ ಜೊತೆಗೆ ಒಂದು ಫಜೀತಿ ಉಚಿತವಾಗಿ ಮನೆಗೆ ಬರುತ್ತದೆ. ಆದರೆ ಆ ಬೇಸಿಗೆಯಲ್ಲಿ ಬಂದಷ್ಟು ಇನ್ನೆಂದೂ ಬಂದಿಲ್ಲ.

ಕಂಪ್ಯೂಟರ್ ಗೊತ್ತು ಎಂದವನಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲ ಅದು. ನನಗೆ ಅಮೆರಿಕದ ಮಾರಿಸ್‌ಟೌನಿನಲ್ಲಿ ಕೆಲಸ, ಹಿಲ್ಸ್‌ಬರೋದಲ್ಲಿ ಮನೆ. ಧಾರವಾಡದಿಂದ ಅತ್ತೆ ಮಾವ ಬಂದಿದ್ದರು. ಅತ್ತೆಗೆ ಇದ್ದದ್ದು ಒಂದೇ ಆಸೆ, ನಯಾಗರಾ ಜಲಪಾತ ನೋಡಬೇಕು. ಆದರೆ ಮೊಟೆಲಿನಲ್ಲಿ ಮಲಗುವುದಿಲ್ಲ, ಹೊರಗೆ ಉಣ್ಣುವುದಿಲ್ಲ.

"ಹಂಗಾದ್ರ ಬ್ಯಾಡ ಬಿಡ್ರಿ, ಫೋಟೋದಾಗ ನೋಡ್ತೀನಿ" ಎಂದು ಅವರು ಮುಖ ಸಪ್ಪಗೆ ಮಾಡಿಕೊಂಡಾಗ ನಾನು ಸೋತೆ. ಒಲೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಇರುವ ದೊಡ್ಡ ಗಾಡಿ, ಅದೇ ಆರ್‌ವಿ, ಕೊಂಡುಬಿಡೋಣ ಎಂದೆ. ಹೊಸದರ ಬೆಲೆ ಕೇಳಿ ಬೆವರಿಳಿಯಿತು. ಹಳೇ ವಾಹನಗಳ ಹರಾಜಿಗೆ ಹೋದೆವು.

ಸವಾಲು

ಹರಾಜಿನಲ್ಲಿ ಹೆಸರು ಬರೆಸಿದವರಿಗೆಲ್ಲ ಒಂದೊಂದು ನಂಬರಿನ ಕಾರ್ಡು ಕೊಡುತ್ತಾರೆ. ಹೆಂಡತಿ ತನಗೆ ಸಿಕ್ಕಿದ್ದನ್ನು ಗಾಳಿ ಹಾಕಿಕೊಳ್ಳಲೆಂದು ಅಪ್ಪನಿಗೆ ಕೊಟ್ಟು, ಅವರನ್ನು ಹಿಂದೆ ನೆರಳಿನಲ್ಲಿ ಕೂರಿಸಿದ್ದಳು. ನಾನು ಮುಂದಿನ ಸಾಲಿನಲ್ಲಿದ್ದೆ.

ಬಿಳಿ ಬಣ್ಣದ ಆರ್‌ವಿ ಬಂತು. ಯಾರಿಗೂ ಅಷ್ಟಾಗಿ ಬೇಕಿದ್ದಂತೆ ಕಾಣಲಿಲ್ಲ. ಕಾರ್ಡು ಎತ್ತಿದೆ. ಹಿಂದಿನಿಂದ ಯಾರೋ ಬೆಲೆ ಏರಿಸಿದರು. ನಾನೂ ಏರಿಸಿದೆ. ಅವನು ಮತ್ತೆ ಏರಿಸಿದ. ಇದ್ಯಾವ ಪ್ರಾಣಿಯಪ್ಪಾ ಎಂದು ರೇಗಿ ತಿರುಗಿ ನೋಡಿದರೆ, ಮಾವ ಎದ್ದು ನಿಂತು ಕಾರ್ಡು ಆಕಾಶಕ್ಕೆ ಹಿಡಿದಿದ್ದರು.

ಓಡಿಹೋಗಿ, "ಇದೇನು ಮಾವ, ನನ್ನ ಬೆಲೆ ಮೇಲೇ ಬೆಲೆ ಕೂಗ್ತಿದ್ದೀರಿ?" ಎಂದೆ.

"ನಮ್ಮ ಗುಡಿಯೊಳಗ ಸವಾಲಿಗೆ ತೆಂಗಿನಕಾಯಿ ಇಟ್ರೂ ನಾಕ್ ಮಂದಿ ಜಿದ್ದಿಗೆ ಬೀಳ್ತಾರ. ಇಷ್ಟು ದೊಡ್ಡ ಗಾಡಿ ನೀವೊಬ್ರ ಕೂಗಿದ್ರ ಅದರ ಮರ್ಯಾದಿ ಏನ್ ಉಳೀತದ್ರಿ?"

ಅಷ್ಟರಲ್ಲಿ ಸುತ್ತಿಗೆ ಬಿತ್ತು. ಗೆದ್ದವರು ಮಾವ. ನನ್ನ ಭುಜ ತಟ್ಟಿ, "ರೊಕ್ಕ ಮಾತ್ರ ನೀವ ಕೊಡ್ರಿ, ನನ್ನ ಹಂತ್ಯಾಕ ಡಾಲರ್ ಇಲ್ಲ" ಎಂದರು.

ಪಕ್ಕದ ಮನೆಯವರು

ಗೆದ್ದ ಸೊತ್ತನ್ನು ಮಾವ ಬಿಟ್ಟಿರಲಾರದೆ ಹೋದರು. ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಂತ ಆ ಗಾಡಿಯಲ್ಲೇ ಅವರ ಎಲೆ ಅಡಿಕೆ, ಅಲ್ಲೇ ಮಧ್ಯಾಹ್ನದ ನಿದ್ದೆ. ಊಟದ ತಟ್ಟೆಯೂ ಅಲ್ಲಿಗೇ ಹೋಗಬೇಕು.

ಒಂದು ಸಂಜೆ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಮುಖ ಬಿಗಿದುಕೊಂಡು ಬಾಗಿಲು ತಟ್ಟಿದರು. "ನಿಮ್ಮ ಸಂಸಾರದಲ್ಲಿ ನಾನು ತಲೆ ಹಾಕಬಾರದು. ಆದರೆ ವಯಸ್ಸಾದ ಅಪ್ಪನನ್ನು ಹೀಗೆ ಹೊರಗೆ ಹಾಕುವುದು ಸರಿಯಲ್ಲ. ನಮ್ಮ ಬೇಸ್‌ಮೆಂಟಿನಲ್ಲಿ ಒಂದು ಕೋಣೆ ಖಾಲಿ ಇದೆ" ಎಂದರು. ನನ್ನ ಹೆಂಡತಿ ಹಾಗೇನೂ ಇಲ್ಲವೆಂದು ಅಪ್ಪನ ಬಾಯಿಂದಲೇ ಹೇಳಿಸೋಣವೆಂದು ಅವರನ್ನು ಕರೆದು ವಿಷಯ ತಿಳಿಸಿದಳು.

ಮಾವ ಕಿವಿ ನಿಮಿರಿಸಿ, "ಖರೇನ? ಬಾಡಿಗಿ ಎಷ್ಟಂತ ಕೇಳು" ಎಂದರು.

ವಾಸನೆ

ಅತ್ತೆ ಮೊದಲ ಸಲ ಗಾಡಿ ಹತ್ತಿ ದಂಗಾಗಿ ನಿಂತರು. "ಒಲಿ ಮಗ್ಗಲಕ ಪಾಯಖಾನಿ? ಶಿವನೇ." ಆ ಬಾಗಿಲನ್ನು ಯಾರೂ ಮುಟ್ಟಕೂಡದು ಎಂದು ಅಪ್ಪಣೆಯಾಯಿತು. ಯಾರೂ ಮುಟ್ಟಲಿಲ್ಲ. ಆದರೂ ಬಿಸಿಲು ಏರಿದಂತೆ ಗಾಡಿಯಲ್ಲಿ ದುರ್ವಾಸನೆ ಏರಿತು. ಅತ್ತೆ ನನ್ನನ್ನು ಒಂಥರಾ ನೋಡತೊಡಗಿದರು. ಕೊನೆಗೆ ಹೆಂಡತಿಯೂ ಮೂಲೆಗೆ ಕರೆದು, "ಖರೇ ಹೇಳ್ರಿ, ಹೋಗಿದ್ರೇನು?" ಎಂದು ಕೇಳಿದಳು. ನನಗೆ ಅಳುವುದೊಂದು ಬಾಕಿ.

ಗಾಡಿಯನ್ನು ಗ್ಯಾರೇಜಿಗೆ ಒಯ್ದೆ. ರಿಪೇರಿಯವನು ಅದರ ಕೆಳಗೆ ತೂರಿದವನು ಅದೇ ವೇಗದಲ್ಲಿ ಹೊರಗೆ ಬಂದ. ಕಕ್ಕಸಿನ ಟ್ಯಾಂಕು ತುಂಬಿ ತುಳುಕುತ್ತಿತ್ತು. ಎಲ್ಲವೂ ಹಿಂದಿನ ಮಾಲೀಕರದು. ಹರಾಜಿನಲ್ಲಿ ಕೊಂಡ ಗಾಡಿ ಇದ್ದದ್ದು ಇದ್ದ ಹಾಗೇ ಬರುತ್ತದೆ ಎಂದು ಅವನು ಸಮಾಧಾನ ಹೇಳಿದ.

ಮನೆಗೆ ಬಂದು ಹೇಳಿದೆ. ಎಲ್ಲರೂ ಮೂಗು ಮುಚ್ಚಿಕೊಂಡರು. ಮಾವ ಮಾತ್ರ ಸ್ವಲ್ಪ ಯೋಚಿಸಿ, "ಅಂದ್ರ ನಾ ಅದಕ್ಕೂ ಸೇರಿಸೇ ಕೂಗೀನಿ" ಎಂದರು.

ನಯಾಗರಾ

ಟ್ಯಾಂಕು ತೊಳೆಸಿದ ಮೇಲೂ ಕಕ್ಕಸಿನ ಬಾಗಿಲು ಮುಚ್ಚಿಯೇ ಇರಬೇಕೆಂಬ ಷರತ್ತಿನ ಮೇಲೆ ಅತ್ತೆ ಹೊರಟರು. ಹಾಗಾಗಿ ದಾರಿಯಲ್ಲಿ ಸಿಕ್ಕ, ಕಕ್ಕಸು ಕಾಫಿ ಎಲ್ಲ ಇರುವ ರೆಸ್ಟ್ ಏರಿಯಾಗಳಲ್ಲೆಲ್ಲ ನಿಲ್ಲಿಸಬೇಕಾಯಿತು. ಅಂಥ ಒಂದು ಕಡೆ ನಾನೂ ಹೆಂಡತಿಯೂ ಕಾಫಿ ಕುಡಿದು ಬಂದು ಗಾಡಿ ಬಿಟ್ಟೆವು. ಹಿಂದೆ ಪರದೆಯ ಆಚೆ ಗೊರಕೆ ಕೇಳುತ್ತಿತ್ತು. ಇಬ್ಬರೂ ಮಲಗಿದ್ದಾರೆ ಎಂದುಕೊಂಡೆವು.

ಬಹಳ ದೂರ ಹೋದ ಮೇಲೆ ಮಾವ ಪರದೆ ಸರಿಸಿ, "ನಿಮ್ಮವ್ವ ಮುಂದ ಕೂತಿಲ್ಲೇನು?" ಎಂದು ಮಗಳನ್ನು ಕೇಳಿದರು.

ಅತ್ತೆಗೆ ಇಂಗ್ಲಿಷ್ ಬರದು, ಫೋನಿಲ್ಲ, ಕೈಯಲ್ಲಿ ಇದ್ದದ್ದು ಬುತ್ತಿಯ ಚೀಲವೊಂದೇ. ಹೆಂಡತಿ ಅಳುತ್ತಿದ್ದಳು. ಮುಂದಿನ ಎಕ್ಸಿಟ್ಟಿನಲ್ಲಿ ತಿರುಗಿಸಿ, ಆ ಮುದಿ ಗಾಡಿ ಹೋಗುವಷ್ಟು ಜೋರಾಗಿ ಓಡಿಸಿದೆ.

ರೆಸ್ಟ್ ಏರಿಯಾದಲ್ಲಿ ಅತ್ತೆ ಎಲ್ಲೂ ಇಲ್ಲ. ಆದರೆ ನಾವು ಮೊದಲು ನಿಲ್ಲಿಸಿದ್ದ ಜಾಗದ ಪಕ್ಕದಲ್ಲಿ ನಮ್ಮದರಂಥದ್ದೇ ಬಿಳಿ ಆರ್‌ವಿ ನಿಂತಿತ್ತು. ಕಿಟಕಿಯಲ್ಲಿ ಇಣುಕಿದರೆ ಅತ್ತೆ ಅಮೆರಿಕನ್ ಮುದುಕ ಮುದುಕಿಯನ್ನು ಮೇಜಿಗೆ ಕೂರಿಸಿ, ಚಪಾತಿ ಮೇಲೆ ಶೇಂಗಾ ಚಟ್ನಿಪುಡಿ ಬಡಿಸುತ್ತಿದ್ದರು.

ಹೆಂಡತಿ ಒಳಗೆ ನುಗ್ಗಿ ಅಮ್ಮನನ್ನು ತಬ್ಬಿಕೊಂಡಳು. ಅತ್ತೆ ಮೆಲ್ಲಗೆ, "ಯಾರೋ ಏನೋ, ನಮ್ಮ ಗಾಡಿ ಹತ್ತಿ ಬಂದಾರ. ಬಂದವರನ್ನ ಹಂಗ ಕಳಸಾಕ ಆಗ್ತದೇನು?" ಎಂದರು.

ನಾನು ನಾಚಿಕೆಯಿಂದ ಆ ದಂಪತಿಯ ಕ್ಷಮೆ ಕೇಳಿದೆ. ಮುದುಕ, "ಇದು ನಮ್ಮ ಗಾಡಿ ಅಂತ ಹೇಳಬೇಕು ಅಂದುಕೊಂಡೆವು. ಆದರೆ ಅವರು ಕೂತ್ಕೊಳ್ಳಿ ಅಂದ ರೀತಿಗೆ ನಮಗೇ ಅನುಮಾನ ಬಂತು" ಎಂದ. ಅವರೂ ನಯಾಗರಾಕ್ಕೇ ಹೊರಟಿದ್ದರು.

ಗಾಡಿ ಯಾರದೆಂದು ತಿಳಿದ ಮೇಲಾದರೂ ಅತ್ತೆ ಇಳಿಯಬೇಕಲ್ಲ. "ನೀವು ನನ್ನ ಬಿಟ್ಟು ಹೋದ್ರಿ. ಇವರು ಅಷ್ಟೊತ್ತಿನಿಂದ ನನ್ನ ಕೂಡ ಕೂತಾರ. ನಾ ಇವರ ಜೋಡಿನ ಬರ್ತೀನಿ" ಎಂದು ಚೀಲ ತೊಡೆಯ ಮೇಲಿಟ್ಟು ಗಟ್ಟಿಯಾಗಿ ಕೂತರು. ಮುದುಕಿ ಖುಷಿಯಿಂದ ಅವರ ಸೀಟ್ ಬೆಲ್ಟ್ ಹಾಕಿದಳು.

ಅತ್ತೆಗೆಂದು ಕೊಂಡ ಆರ್‌ವಿಯಲ್ಲಿ ನಾವು ಮೂವರು ಹಿಂದೆ ಹಿಂದೆ ಹೋದೆವು, ಆದರೆ ನಮ್ಮ ಮುದಿ ಗಾಡಿಗೆ ಅವರ ವೇಗ ಹಿಡಿಯಲಾಗಲಿಲ್ಲ. ನಾವು ಮುಟ್ಟುವಷ್ಟರಲ್ಲಿ ಅತ್ತೆ ನಯಾಗರಾ ನೋಡಿ ಮುಗಿಸಿ, ನಮಗೆ ತೋರಿಸಲು ಕಾಯುತ್ತಿದ್ದರು.