ಗೋಡೆ ಮೇಲೆ ಬಂದು ಕೂತವಳು

ಸಾವಾದ ಮನೆಯಲ್ಲೂ ನಗು ಬರಿಸೋ ಸಂಗತಿ ನಿಲ್ಲೋದಿಲ್ಲ. ನನ್ನ ಹೆಂಡತಿ ಜ್ವರದಲ್ಲಿ ಹೋದಾಗ ಹೆಮ್ಮರಗಾಲದ ನಮ್ಮ ಮನೆಯಲ್ಲೂ ಹೀಗೇ ಆಯಿತು.

ನಾಲ್ಕು ಕಣ್ಣು

ಅವಳನ್ನು ಮಲಗಿಸಿದ್ದ ಜಾಗದಲ್ಲಿ ಹರಳೆಣ್ಣೆ ದೀಪ ಇಟ್ಟಿದ್ದೆವು. ಒಂದು ಬೆಳಗ್ಗೆ ನೋಡಿದರೆ ಮೇಲಿನ ಗೋಡೆಯಲ್ಲಿ ಅಂಗೈ ಅಗಲದ ಚಿಟ್ಟೆ. ಕಂದು ಬಣ್ಣ. ನಾಲ್ಕು ರೆಕ್ಕೆ, ಒಂದೊಂದರಲ್ಲೂ ಕಣ್ಣಿನಂಥ ಒಂದೊಂದು ದುಂಡನೆ ಮಚ್ಚೆ.

ನನ್ನ ಅತ್ತೆ ನನ್ನ ಜೊತೆ ನೇರ ಮಾತಾಡೋಳಲ್ಲ. ಏನಿದ್ದರೂ ಕಂಬಕ್ಕೆ ಹೇಳೋಳು.

"ನನ್ ಮಗಳು ಬಂದವಳೆ," ಅಂದಳು ಕಂಬಕ್ಕೆ.

"ನಾಕು ಕಣ್ಣವೆಯಲ್ಲ ಅತ್ತೆ," ಅಂದೆ.

"ಇವರನ್ನ ಕಾಯಕ್ಕೆ ಎರಡು ಸಾಲ್ತಿರ್ನಿಲ್ಲ," ಅಂತ ಕಂಬಕ್ಕೇ ಹೇಳಿದಳು.

ಬಾಮೈದನ ಅಳು

ಸೋಸಲೆಯಿಂದ ಬಾಮೈದ ಬಂದ. ಅಕ್ಕನಿಗೆ ಜ್ವರ ಅಂತ ಹೇಳಿ ಕಳಿಸಿದಾಗ ನಾಟಿ ಇದೆ ಅಂದಿದ್ದ. ಈಗ ಗೋಡೆ ಮುಂದೆ ಕೈ ಮುಗಿದು ನಿಂತ.

"ಅಕ್ಕಯ್ಯ, ಕೊನೇಲಿ ನಿನ್ ಮೊಕ ನೋಡ್ನಿಲ್ಲ ನಾನು. ಒಂದ್ ಕಿತ ಇತ್ತಗೆ ತಿರುಗವ್ವ."

ಚಿಟ್ಟೆ ರೆಕ್ಕೆ ಮಡಚಿಕೊಂಡು ಅತ್ತ ಸರಿಯಿತು. ಅವಳೇ ಇರಬೇಕು ಅಂತ ನನಗೆ ಅನ್ನಿಸಿದ್ದು ಆಗಲೇ.

ಎಡೆ

ಆಮೇಲೆ ನಾನೂ ಗೋಡೆ ನೋಡಿಕೊಂಡೇ ಕೂತೆ. ತಿಥಿ ದಿನ ಅವಳಿಗೆ ಇಷ್ಟವಾದ ಕಜ್ಜಾಯ, ಅವರೆಕಾಳು ಸಾರು ಎಡೆ ಇಟ್ಟೆವು. ಸತ್ತವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಹೊರಗೆ ನಿಂತೆವು. ತೆಗೆದು ನೋಡಿದರೆ ಎಡೆ ಹಾಗೇ ಇದೆ. ಚಿಟ್ಟೆ ಕದಲಿಲ್ಲ.

ಅತ್ತೆ ಕಂಬಕ್ಕೆ ಹೇಳಿದಳು: "ಈ ಮನೇಲಿ ಒಟ್ಟೆ ತುಂಬ ಉಂಡು ರೂಢಿ ಇಲ್ಲ ನನ್ ಮಗಳಿಗೆ."

ಬಾಯಿ

ಅವತ್ತೇ ಸಾಯಂಕಾಲ ರೇಂಜರು ಬಂದರು. ನಾನು ಅವರ ಕೈಕೆಳಗೆ ಕಾಡು ಕಾಯೋನು. ಕೆಲಸಕ್ಕೆ ಯಾವಾಗ ಬರ್ತೀಯ ಅಂತ ಕೇಳೋಕೆ ಬಂದವರು ಗೋಡೆ ನೋಡಿದರು.

"ಇದು ಕಾಡುರೇಷ್ಮೆ ಚಿಟ್ಟೆ ಕಣಯ್ಯ. ಕವಲಂದೆ ಕಡೆ ಮತ್ತಿ ಮರ, ಎಲಚಿ ಮರದಲ್ಲಿ ಮೊಟ್ಟೆ ಥರ ಗೂಡು ಜೋತಾಡ್ತವಲ್ಲ, ಅದರೊಳಗಿಂದ ಬರೋದು. ನೀನು ತಂದ ಸೌದೆಯಲ್ಲೇ ಗೂಡು ಇದ್ದಿರಬೇಕು. ದೀಪ ಕಂಡು ಒಳಗೆ ಬಂದಿದೆ."

"ಏನೂ ತಿನ್ನಲಿಲ್ಲ ಬುದ್ದಿ," ಅಂದೆ.

"ಎಲ್ಲಿಂದ ತಿನ್ನುತ್ತೆ. ಇದಕ್ಕೆ ಬಾಯೇ ಇಲ್ಲ. ಇನ್ನೆರಡು ದಿನದಲ್ಲಿ ಸಾಯುತ್ತೆ."

ಅತ್ತೆ ಕಣ್ಣೊರೆಸಿಕೊಂಡಳು. "ಬಾಯಿಲ್ವಂತಾ? ಅಂಗಾರೆ ನನ್ ಮಗಳಲ್ಲ ಬುಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಮೈದ ಪೊರಕೆ ತಂದ. ಅವನ ಕೈ ಹಿಡಿದೆ.

"ಅಕ್ಕ ಅಲ್ವಂತಲ್ಲ ಬಾವ," ಅಂದ.

"ಗೊತ್ತು ಕಣ್ಲಾ," ಅಂದೆ. "ಉಣ್ಣಕ್ಕೆ ಬಾಯಿಲ್ಲ, ನನ್ನ ಬಯ್ಯಕ್ಕೂ ಬಾಯಿಲ್ಲ. ನಾಳೆ ನೀವೆಲ್ಲ ಓಯ್ತೀರಿ. ಅದಾದ್ರೂ ಇರ್ಲಿ ಬುಡು."