ಕನ್ನಡಕದವರು ತೋರಿಸಿದ ಜಾಗ

ಕನ್ನಡಕದಂಗಡಿಯ ಯಜಮಾನರಿಗೆ ಈ ಲೋಕದಲ್ಲಿ ಯಾರ ಬಂಗಲೆಯ ಮೇಲೂ, ಯಾರ ಕಾರಿನ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಇದ್ದದ್ದೆಲ್ಲ ಒಂದು ಕಲ್ಲುಬೆಂಚಿನ ಮೇಲೆ. ಅದು ಅಂಗಡಿಯ ಎದುರಿನ ಪಾರ್ಕಿನಲ್ಲಿತ್ತು. ಸಂಜೆಯಾದರೆ ಸಾಕು, ಅದರ ಒಂದು ತುದಿಯಲ್ಲಿ ಅವರ ಹೆಂಡತಿ, ಇನ್ನೊಂದು ತುದಿಯಲ್ಲಿ ಪಕ್ಕದ ಮನೆಯ ನಿವೃತ್ತ ಹಲ್ಲಿನ ಡಾಕ್ಟರು, ನಡುವೆ ಒಂದು ಕಾಫಿ ಫ್ಲಾಸ್ಕು.

ಕೂತರೆ ಕೂರಲಿ, ಬೆಂಚಿರುವುದೇ ಕೂರುವುದಕ್ಕೆ. ಆದರೆ ಆಕೆ ನಗುತ್ತಿದ್ದಳು! ಸುಮ್ಮನೆ ತುಟಿ ಅರಳಿಸುವ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಬಿದ್ದು ಬಿದ್ದು ನಗುವ ನಗು. ಮನೆಯಲ್ಲಿ ಅದೇ ಬಾಯಿಂದ ಹೊರಡುತ್ತಿದ್ದದ್ದು "ಹೂಂ", "ಉಹೂಂ", "ಗ್ಯಾಸ್ ಮುಗೀತು", ಇಷ್ಟೇ. ಯಜಮಾನರು ಅಂಗಡಿಯ ಗಾಜಿಗೆ ಮೂಗು ಒತ್ತಿ, ಗಿರಾಕಿಗಳ ಕಣ್ಣು ಪರೀಕ್ಷಿಸುವ ಮಸೂರಗಳನ್ನು ಒಂದರ ಮೇಲೊಂದು ಹಿಡಿದು ನೋಡುತ್ತಿದ್ದರು. ನಗು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. (ಕಿವಿಗೆ ಹಾಕುವ ಕನ್ನಡಕವನ್ನು ಇನ್ನೂ ಯಾವ ಪುಣ್ಯಾತ್ಮನೂ ಕಂಡುಹಿಡಿದಿಲ್ಲವಲ್ಲ!)

"ಅಷ್ಟೊಂದು ನಗೋದು ಏನಿರತ್ತೆ ಅಲ್ಲಿ?" ಎಂದು ಒಮ್ಮೆ ಕೇಳಿಯೂ ಕೇಳಿದರು.

"ಏನೋ ಮಾತು. ಡಾಕ್ಟರು ನನಗೆ ಅಣ್ಣ ಇದ್ದ ಹಾಗೆ."

"ನಿನ್ನ ಸ್ವಂತ ಅಣ್ಣ ಬಂದಾಗ ಒಂದು ದಿನವೂ ಹೀಗೆ ನಕ್ಕಿದ್ದು ನಾ ಕಾಣೆ."

"ಅವನು ಬರೋದು ಪುಕ್ಕಟೆ ಕನ್ನಡಕ ಹಾಕಿಸ್ಕೊಳ್ಳೋಕೆ. ಆಗ ನಿಮ್ಮ ಮುಖ ನೋಡಿದ್ರೆ ಯಾರಿಗೆ ನಗು ಬರತ್ತೆ?"

ಯಜಮಾನರು ಒಳಗೊಳಗೇ ಕುದಿದರು. ಜೀವಮಾನವಿಡೀ ಕಂಡವರ ಬಾಯಿ ಬಿಡಿಸಿದ ಮನುಷ್ಯ, ನಿವೃತ್ತನಾದರೂ ಚಾಳಿ ಬಿಟ್ಟಿಲ್ಲ ಎಂದುಕೊಂಡರು.

ಇಂಥ ಹೊತ್ತಿನಲ್ಲಿ ಫೋನ್ ಕಂಪನಿಯೊಂದು ಆ ಪಾರ್ಕಿನಲ್ಲಿ ತನ್ನ ಯಂತ್ರದ ಪೆಟ್ಟಿಗೆ ಇಡಲು ಬಂತು. ಪೆಟ್ಟಿಗೆಯೆಂದರೆ ಊಟದ ಡಬ್ಬಿಯಲ್ಲ. ಬೀರುವಿನಷ್ಟು ಎತ್ತರದ, ಹಗಲಿರುಳೂ ಗುಂಯ್ ಎನ್ನುವ ಕಬ್ಬಿಣದ ಮಹಾಕಾಯ. "ಮಕ್ಕಳು ಆಡೋ ಜಾಗದಲ್ಲಿ ಕಂಪನಿ ವ್ಯಾಪಾರ ಬೇಡ" ಎಂದು ಬೀದಿಗೆ ಬೀದಿಯೇ ತಿರುಗಿಬಿತ್ತು. ಉಯ್ಯಾಲೆಯ ಹತ್ತಿರ ಬೈಸಿಕೊಂಡು, ಗೇಟಿನ ಹತ್ತಿರ ಬೈಸಿಕೊಂಡು ಸುಸ್ತಾದ ಕಂಪನಿಯ ಇಂಜಿನಿಯರ, ಆ ಗಲಾಟೆಯಲ್ಲಿ ಕನ್ನಡಕದ ಕಡ್ಡಿಯನ್ನೂ ಮುರಿದುಕೊಂಡು ಯಜಮಾನರ ಅಂಗಡಿಗೇ ಬಂದ.

"ಎಲ್ಲಿ ಇಡ್ತೀನಿ ಅಂದ್ರೂ ಬೈತಾರೆ ಸಾರ್" ಎಂದು ಅವನು ಗೋಳಾಡುತ್ತಿದ್ದಂತೆ ಯಜಮಾನರ ತಲೆಯಲ್ಲಿ ದೀಪ ಹತ್ತಿತು.

"ಆ ಮೂಲೇಲಿ ಒಂದು ಕಲ್ಲುಬೆಂಚಿದೆ ನೋಡಿ. ಅದನ್ನ ಕಿತ್ತುಹಾಕಿದ್ರೆ ನಿಮಗೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಯಾರೂ ಕೂರಲ್ಲ." (ಕೂರಬಾರದು ಎಂಬುದನ್ನೇ ಅವರು ಕೂರಲ್ಲ ಎಂದದ್ದು.) ಆ ಖುಷಿಯಲ್ಲಿ ಅವನಿಗೆ ಅಂಗಡಿಯ ಅತ್ಯುತ್ತಮ ಮಸೂರ ಕೂರಿಸಿ, ದೂರದ ಮರದ ಮೇಲಿನ ಕಾಗೆಯ ಕಣ್ಣೂ ಕಾಣುವಂಥ ಕನ್ನಡಕ ಮಾಡಿಕೊಟ್ಟರು.

ಮರುದಿನ ಸಂಜೆ ಹೆಂಡತಿ ಕೆಂಡಾಮಂಡಲವಾಗಿ ಮನೆಗೆ ಬಂದಳು. "ನಮ್ಮ ಬೆಂಚು ಕೀಳ್ತಾರಂತೆ ಕಣ್ರೀ! ಯಾವ ಪಾಪಿ ಆ ಜಾಗ ತೋರಿಸಿದ್ನೋ, ಅವನ ಕಣ್ಣಿಗೆ ಏನು ಬಡಿದಿತ್ತೋ!"

'ನಮ್ಮ' ಎಂಬ ಮಾತು ಯಜಮಾನರ ಎದೆಗೆ ನಾಟಿತು. ಇರಲಿ, ಬೆಂಚಂತೂ ತೊಲಗುತ್ತದೆಂದು ಹಾಲು ಕುಡಿದಷ್ಟು ಸಂತೋಷದಿಂದ ಮಲಗಿದರು.

ಬೆಳಗಾಗುವಷ್ಟರಲ್ಲಿ ಬೆಂಚು ಉಳಿಸುವ ಧರಣಿ ಶುರುವಾಗಿತ್ತು. ಅಧ್ಯಕ್ಷೆ ಅವರ ಹೆಂಡತಿ, ಕಾರ್ಯದರ್ಶಿ ಹಲ್ಲಿನ ಡಾಕ್ಟರು! ಸಂಜೆ ಒಂದಿಷ್ಟು ಹೊತ್ತು ಕೂರುತ್ತಿದ್ದವರು ಈಗ ಬೆಳಗಿನಿಂದ ಕತ್ತಲಾಗುವವರೆಗೂ ಅದೇ ಬೆಂಚಿನ ಮೇಲೆ. ಫ್ಲಾಸ್ಕಿನ ಜೊತೆಗೆ ಊಟದ ಡಬ್ಬಿಯೂ ಬಂತು. ಮನೆಯ ಒಲೆ ತಣ್ಣಗಾಯಿತು. "ಹೋರಾಟ ಅಂದ್ರೆ ತ್ಯಾಗ ಮಾಡ್ಬೇಕು ಕಣ್ರೀ" ಎಂದು ಅಧ್ಯಕ್ಷೆ ಅಪ್ಪಣೆ ಕೊಡಿಸಿದ್ದರಿಂದ ಯಜಮಾನರು ಒಣ ಬ್ರೆಡ್ಡನ್ನು ತ್ಯಾಗಪೂರ್ವಕವಾಗಿ ನೀರಿನಲ್ಲಿ ಅದ್ದಿ ತಿಂದರು.

ಕೊನೆಗೆ ತಡೆಯಲಾರದೆ ಅಂಗಡಿಗೆ ಬೀಗ ಜಡಿದು ಅವರೂ ಧರಣಿಗೆ ಹೊರಟರು, ಇಬ್ಬರ ನಡುವೆ ಕೂರೋಣವೆಂದು. ಫ್ಲಾಸ್ಕೂ ಡಬ್ಬಿಯೂ ಜಾಗ ಬಿಡಲಿಲ್ಲ. ಗುಂಪಿನ ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದರು: "ಬೆಂಚು ಬಿಡೆವು! ಪೆಟ್ಟಿಗೆ ಇಡಗೊಡೆವು!" ಹೆಂಡತಿ ತಿರುಗಿ ನೋಡಿ ಮೆಚ್ಚಿ ತಲೆದೂಗಿದಳು. ಯಜಮಾನರು ಉಬ್ಬಿಹೋಗಿ ದನಿಯನ್ನು ಇನ್ನಷ್ಟು ಏರಿಸಿದರು.

ಅಷ್ಟರಲ್ಲಿ ಗೇಟಿನಲ್ಲಿ ಇಂಜಿನಿಯರ ಕಾಣಿಸಿಕೊಂಡ. ಯಜಮಾನರು ಸರಕ್ಕನೆ ಮರದ ಮರೆಗೆ ಸರಿದರು. ಏನು ಪ್ರಯೋಜನ? ಅವನ ಮೂಗಿನ ಮೇಲಿದ್ದದ್ದು ಅವರೇ ಮಾಡಿಕೊಟ್ಟ ಕನ್ನಡಕ!

"ಓಹೋ ಸಾರ್, ಮರದ ಹಿಂದೆ ಯಾಕೆ ನಿಂತಿದ್ದೀರಿ? ಏನು ಕನ್ನಡಕ ಸಾರ್ ನಿಮ್ಮದು, ಗೇಟಿಂದಾನೇ ನಿಮ್ಮ ಮೀಸೆ ಕಾಣಿಸ್ತು! ಇವರಿಗೆಲ್ಲ ನೀವೇ ಸ್ವಲ್ಪ ಹೇಳಿ ಸಾರ್, ಈ ಜಾಗ ತೋರಿಸಿದ್ದೇ ನೀವು ಅಂತ!"

ಪಾಪಿ ಯಾರೆಂದು ಅಧ್ಯಕ್ಷೆಗೆ ತಿಳಿಯಿತು.

"ಯಾಕ್ರೀ ಹೀಗೆ ಮಾಡಿದ್ರಿ?"

"ನೀನು ಇಲ್ಲಿ ನಗ್ತೀಯ. ಮನೇಲಿ ನಗಲ್ಲ!" (ಮೆಲ್ಲಗೆ ಹೇಳಬೇಕೆಂದೇ ಇದ್ದರು, ಘೋಷಣೆ ಕೂಗಿ ಕೂಗಿ ಹದವಾಗಿದ್ದ ಗಂಟಲು ಮಾತು ಕೇಳಲಿಲ್ಲ.)

ಡಾಕ್ಟರು ಕೆಮ್ಮಿದರು. "ಸ್ವಾಮೀ, ಈ ಬೆಂಚಿನ ಮೇಲೆ ನಾನು ಬಾಯಿ ಬಿಟ್ಟದ್ದೇ ಅಪರೂಪ. ಹೇಳೋರು ಅವರು, ಹೇಳೋದೆಲ್ಲ ನಿಮ್ಮ ವಿಷಯ. ನೀವು ನಿದ್ದೆಗಣ್ಣಲ್ಲಿ ಅವರ ಒಂದು ಕಣ್ಣು ಕೈಯಿಂದ ಮುಚ್ಚಿ, 'ಕೆಳಗಿನ ಸಾಲು ಓದಿ' ಅಂದ್ರಂತಲ್ಲ? ಗೋಡೆ ಮೇಲಿದ್ದ ಮೊಳೇನ ಸೊಳ್ಳೆ ಅಂತ ಹೊಡೆದು ಕೈ ಊದಿಸ್ಕೊಂಡ್ರಂತಲ್ಲ?"

ಪಾರ್ಕಿಗೆ ಪಾರ್ಕೇ ಗೊಳ್ಳೆಂದಿತು. ಇಂಜಿನಿಯರನೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಜಾಗ ತೋರಿಸುವುದರಲ್ಲಿ ಇಷ್ಟು ಉತ್ಸಾಹವುಳ್ಳ ಮಹನೀಯರ ಅಂಗಡಿಯ ಮುಂದೆಯೇ ಪೆಟ್ಟಿಗೆಯನ್ನು ಸ್ಥಾಪಿಸತಕ್ಕದ್ದೆಂದು ಅಲ್ಲೇ ಸರ್ವಾನುಮತದ ನಿರ್ಣಯವಾಯಿತು. ಅನುಮೋದಿಸಿದ್ದು ಸ್ವತಃ ಅಧ್ಯಕ್ಷೆ.

ಈಗ ಅಂಗಡಿಯ ಗಾಜಿನ ತುಂಬ ಗುಂಯ್‌ಗುಡುವ ಕಬ್ಬಿಣ. ಎಷ್ಟು ಮಸೂರ ಹಿಡಿದರೂ ಬೆಂಚು ಕಾಣುವುದಿಲ್ಲ. ಒಂದು ಸಂಜೆ ಯಜಮಾನರು ಧೈರ್ಯ ಮಾಡಿ ತಾವೇ ಹೋದರು. ಡಾಕ್ಟರು ಮರ್ಯಾದೆಯಿಂದ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ನಡುವೆ ಜಾಗ ಬಿಟ್ಟರು. ಮೂವರೂ ಎದುರಿನ ಉಯ್ಯಾಲೆ ನೋಡುತ್ತ ಕೂತರು. ಯಾರೂ ನಗಲಿಲ್ಲ.

"ಯಾಕೆ, ಇವತ್ತು ಮಾತೇ ಇಲ್ಲ?" ಎಂದರು ಯಜಮಾನರು.

"ನೀವು ಎದುರಿಗಿದ್ರೆ ನಿಮ್ಮ ವಿಷಯ ಹೇಗ್ರೀ ಮಾತಾಡೋದು? ಎದ್ದು ಅಂಗಡಿಗೆ ಹೋಗಿ, ಯಾರಾದ್ರೂ ಗಿರಾಕಿ ಬಂದಿರ್ತಾರೆ."

ಎದ್ದು ಬಂದರು. ಪೆಟ್ಟಿಗೆಯ ಹಿಂದೆ ಕೂತು ಮಸೂರ ಒರೆಸುತ್ತಿದ್ದಾಗ ಆ ಗುಂಯ್ ಸದ್ದನ್ನೂ ಮೀರಿ ಆಕೆಯ ನಗು ಕೇಳಿಬಂತು. ಡಾಕ್ಟರ ಮೇಲೆ ಯಜಮಾನರಿಗೆ ಈಗ ಎಳ್ಳಷ್ಟೂ ಕಿಚ್ಚಿಲ್ಲ. ಹೊಟ್ಟೆ ಉರಿಯುವುದೆಲ್ಲ ಆ ಬೆಂಚಿನ ಕತೆಗಳಲ್ಲಿ ಬರುವ ಗಂಡನ ಮೇಲೆ. ಅವನ ಸುದ್ದಿ ಎತ್ತಿದರೆ ಸಾಕು, ಆಕೆ ಹಾಗೆ ನಗುತ್ತಾಳಲ್ಲ!