ದನದ ಶೆಡ್ಡಿಗೂ ಪರವಾನಗಿ ಬೇಕೇನ್ರೀ?

ಮುಧೋಳ, ಬೀಳಗಿ, ಜಮಖಂಡಿ ತಾಲೂಕಿನ ಗ್ರಾಮ ಪಂಚಾಯ್ತಿಗಳಲ್ಲಿ ಕಾರ್ಯದರ್ಶಿಯಾಗಿ ದುಡಿದವನು ನಾನು. ಮನೆ ಕಟ್ಟುವವರು ಅರ್ಜಿ ಕೊಟ್ಟು ಸುಮ್ಮನೆ ಹೋಗುತ್ತಿದ್ದರು. ದನಕ್ಕೋ ಟ್ರ್ಯಾಕ್ಟರಿಗೋ ಒಂದು ಶೆಡ್ ಎಂದರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತಿತ್ತು. ಯಾಕೆ ಅಂತ ನಿವೃತ್ತಿಯಾದರೂ ತಿಳಿದಿಲ್ಲ.

೧. ನಕ್ಷೆ

ಬಾಗಲಕೋಟೆ ಬೇರೆ ಜಿಲ್ಲೆಯಾದ ಹೊಸತು. ಲೋಕಾಪುರದ ಕಡೆಯ ರೈತರೊಬ್ಬರು ಹೊಲದಲ್ಲಿ ದನದ ಶೆಡ್ ಕಟ್ಟಲು ಅರ್ಜಿ ತಂದರು. ಹೊಲದಲ್ಲಿ ಮನೆ ಕಟ್ಟಬೇಕೆಂದರೆ ತಿಂಗಳುಗಟ್ಟಲೆ ಕಚೇರಿ ಅಲೆಯಬೇಕು. ದನದ ಶೆಡ್ಡಿಗೆ ಅಷ್ಟು ಕಾಟವಿಲ್ಲ. ನಕ್ಷೆ ಬಿಚ್ಚಿ ನೋಡಿದರೆ ಪಡಸಾಲೆ, ಅಡಿಗೆ ಮನೆ, ಬಚ್ಚಲು, ಈಶಾನ್ಯಕ್ಕೆ ದೇವರ ಮನೆ.

“ಯಜಮಾನ್ರ, ಇದು ದನದ ಶೆಡ್ಡೇನ್ರೀ?”

“ಹೌದ್ರೀ. ಎರಡ ಎಮ್ಮಿ, ಒಂದ ಆಕಳ.”

“ಅಡಿಗಿ ಮನಿ ಯಾಕ?”

“ಹಿಂಡಿ ಕುದಸಾಕ್ರೀ.”

“ಬಚ್ಚಲ?”

“ಎಮ್ಮಿ ಮೈ ತೊಳಿಯಾಕ.”

“ಮತ್ತ ದೇವರ ಮನಿ?”

ಇಲ್ಲಿ ಸಿಕ್ಕಿಬಿದ್ದರು ಅಂದುಕೊಂಡೆ. ಅವರು ನನ್ನನ್ನೇ ತಿಳಿಗೇಡಿ ಎಂಬಂತೆ ನೋಡಿದರು. “ಆಕಳ ಅಂದ್ರ ದೇವ್ರಲ್ಲೇನ್ರೀ ಸಾಹೇಬ್ರ? ಅದನ್ನ ಎಲ್ಲಿ ಕಟ್ಟೂದು ಮತ್ತ?”

೨. ತಕರಾರು

ಬೀಳಗಿ ತಾಲೂಕಿನಲ್ಲಿ ಇಬ್ಬರು ಅಣ್ಣತಮ್ಮಂದಿರು. ಹೊಲ ಪಾಲಾದಾಗಿನಿಂದ ಮಾತಿಲ್ಲ. ತಮ್ಮನಿಗೆ ಬದುವಿನ ಪಕ್ಕ ಟ್ರ್ಯಾಕ್ಟರ್ ಶೆಡ್ ಕಟ್ಟಬೇಕಿತ್ತು. ಅದಕ್ಕೆ ಬಾಜೂ ಹೊಲದವರ, ಅಂದರೆ ಅಣ್ಣನ, ಒಪ್ಪಿಗೆ ಸಹಿ ಬೇಕು. “ಸಾಯೂತನಕ ನಾ ಅವನ್ನ ಕೇಳೂದಿಲ್ಲ” ಎಂದ ತಮ್ಮ. ಕಾಗದ ಹಿಡಿದು ನಾನೇ ಹೋದೆ.

ಅಣ್ಣ ಚಹಾ ಕೊಟ್ಟು, ಕನ್ನಡಕ ಏರಿಸಿ ಓದಿದರು. “‘ನನ್ನ ಯಾವ ತಕರಾರೂ ಇಲ್ಲ’ ಅಂತ ಬರದೀರಿ. ಇದು ಸುಳ್ಳರೀ. ಸುಳ್ಳಿಗೆ ನಾ ಸಹಿ ಹಾಕೂದಿಲ್ಲ.”

“ಹಂಗಾದ್ರ ಶೆಡ್ ಬ್ಯಾಡ ಅಂತೀರೇನ್ರೀ?”

“ಶೆಡ್ ಕಟ್ಟಲಿ. ಟ್ರ್ಯಾಕ್ಟರ್ ಮಳಿಯಾಗ ನೆನೀತೈತಿ. ಹ್ವಾದ ವರ್ಸ ನಾನೇ ತಾಡಪತ್ರಿ ಹೊಚ್ಚಿ ಬಂದೇನಿ. ಅವಗ ಹೇಳಬ್ಯಾಡ್ರಿ.”

ಕೊನೆಗೆ ತಾವೇ ಕೈಯಾರೆ ಬರೆದು ಸಹಿ ಹಾಕಿದರು: ‘ಶೆಡ್ಡಿನ ಮ್ಯಾಲೆ ತಕರಾರಿಲ್ಲ. ತಮ್ಮನ ಮ್ಯಾಲೆ ಐತಿ.’

ನಾನು ಹಾಗೇ ಕಡತಕ್ಕೆ ಸೇರಿಸಿದೆ. ಮೇಲಿನ ಸಾಹೇಬರು ‘ಸದರಿ ತಮ್ಮನು ಕಟ್ಟಡದ ಭಾಗವಲ್ಲದ ಕಾರಣ ಮಂಜೂರು ಮಾಡಿದೆ’ ಎಂದು ಷರಾ ಬರೆದರು.

೩. ಮಾಸ್ತರರ ಕಾರು

ತೇರದಾಳದ ಹತ್ತಿರ ನಿವೃತ್ತ ಮಾಸ್ತರರೊಬ್ಬರು ಹಳೆಯ ಕಾರು ಕೊಂಡು, ಅದಕ್ಕೆ ಗ್ಯಾರೇಜ್ ಕಟ್ಟಲು ಪರವಾನಗಿ ಪಡೆದರು. ಲೆಕ್ಕದ ಮಾಸ್ತರರು. ಕಾರನ್ನು ಟೇಪಿನಿಂದ ಅಳೆದು, ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಬಿಟ್ಟು, ನಕ್ಷೆ ತಾವೇ ಬರೆದಿದ್ದರು. “ಜಾಗಾ ಸಾಕೇನ್ರೀ?” ಎಂದು ನಾನು ಕೇಳಿದ್ದೆ. “ನಲವತ್ತ ವರ್ಸ ಲೆಕ್ಕ ಕಲಿಸೇನಿ” ಎಂದಿದ್ದರು.

ಗೋಡೆ ಎದ್ದ ಮೇಲೆ ಕಾರು ಒಳಗೆ ಹೋಯಿತು, ನೂಲು ಹಿಡಿದಂತೆ ಹೋಯಿತು. ಕಾರಿನ ಬಾಗಿಲು ಮಾತ್ರ ತೆರೆಯಲಿಲ್ಲ. ಒಳಗೆ ಕೂತು ಹಾರ್ನ್ ಹೊಡೆದರು. ಹೆಂಡತಿ ಬಂದು ನೋಡಿ, “ಅಲ್ಲೇ ಕುಂಡ್ರತೀರಿ ಅಂದ್ರ ಚಹಾ ಡಿಕ್ಕಿಯಿಂದ ಕೊಡ್ಲ್ಯಾ?” ಎಂದರಂತೆ.

ಮರುದಿನ ಮಾಸ್ತರರು ಸಿಟ್ಟಿನಿಂದ ಪಂಚಾಯ್ತಿಗೆ ಬಂದರು. “ಇಂಥಾ ನಕ್ಷಾಕ ಹೆಂಗ ಸಹಿ ಹಾಕಿದ್ರಿ?”

ನಾನು ಅವರ ಅರ್ಜಿ ತೆಗೆದು ತೋರಿಸಿದೆ. “ಕಾರ್ ನಿಲ್ಲಸಾಕ ಅಂತ ಬರದೀರಿ, ಸರ್. ಇಳಿಯಾಕ ಅಂತ ಬರದಿಲ್ಲ.”

೪. ಒಂದು ಎಮ್ಮೆ, ಏಳು ಅರ್ಜಿ

ಮೊಬೈಲ್ ಫೋಟೋದ ಕಾಲ ಬಂತು. ದನದ ಹೆಸರಿನಲ್ಲಿ ಜನ ಮನೆ ಕಟ್ಟುತ್ತಾರೆಂದು ಮೇಲಿನಿಂದ ಒಂದು ಸುತ್ತೋಲೆಯೂ ಬಂತು: ಅರ್ಜಿದಾರ ತನ್ನ ದನದೊಂದಿಗೆ ಆ ಜಾಗದಲ್ಲೇ ನಿಂತ ಫೋಟೋ ಹಚ್ಚಬೇಕು. ಮುಧೋಳ ತಾಲೂಕಿನ ನಮ್ಮ ಊರಿನಿಂದ ಏಳು ಅರ್ಜಿ ಹೋದವು. ಆರು ಮಂಜೂರಾಗಿ ಶೆಡ್ಡುಗಳೂ ಎದ್ದವು. ಏಳನೆಯದು ವಾಪಸು ಬಂತು: ‘ಇನ್ನೊಬ್ಬರ ಎಮ್ಮೆ ನಿಲ್ಲಿಸಿ ಫೋಟೋ ತೆಗೆಸಿದ್ದಾರೆ.’

ಅರ್ಜಿ ಹಾಲು ಮಾರುವ ಒಬ್ಬ ಮುದುಕಿಯದು. ಏಳೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಎಲ್ಲದರಲ್ಲೂ ಎಡಗೋಡು ಮುರಿದ ಅದೇ ಎಮ್ಮೆ.

ಆಕೆ ಬಂದು ಕೂತಳು. “ಎಮ್ಮಿ ನಂದೈತೋ ಯಪ್ಪಾ. ಅವರೆಲ್ಲಾ ಫೋಟೋಕ್ಕ ಕೇಳಿದ್ರು. ನಾನೇ ಮೈ ತೊಳದ, ಕೋಡಿಗೆ ಎಣ್ಣಿ ಹಚ್ಚಿ ಕೊಟ್ಟೆ. ಈಗ ಅವರ ಶೆಡ್ಡಿನ್ಯಾಗ ಮೋಟಾರಸೈಕಲ್ ನಿಂತಾವ. ನನ್ನ ಎಮ್ಮಿ ಮಳಿಯಾಗ ನಿಂತೈತಿ.”

ಆಕೆಯನ್ನು ಕರೆದುಕೊಂಡು ತಾಲೂಕು ಕಚೇರಿಗೆ ಹೋದೆ. ಸಾಹೇಬರು ಪೂರಾ ಕೇಳಿದರು, ಕನಿಕರವನ್ನೂ ಪಟ್ಟರು. “ಖರೆ ಇರಬಹುದ್ರೀ. ಆದ್ರ ಕಡತದ ಪ್ರಕಾರ ಈ ಎಮ್ಮಿಗೆ ಈಗಾಗ್ಲೇ ಆರು ಮಂದಿ ಮಾಲಕರದಾರ. ಬ್ಯಾರೆ ಎಮ್ಮಿ ಫೋಟೋ ತರ್ರಿ.”

“ಬ್ಯಾರೆ ಎಮ್ಮಿ ನನ್ನ ಹಂತ್ಯಾಕಿಲ್ಲೋ” ಎಂದಳು ಮುದುಕಿ.

ಊರಿಗೆ ಮರಳಿ, ಎದುರು ಓಣಿಯವರ ಎಮ್ಮೆಯೊಂದನ್ನು ಎರವಲು ತಂದು, ಅದರ ಹಗ್ಗ ಹಿಡಿದು ನಿಂತು ಹೊಸ ಫೋಟೋ ತೆಗೆಸಿದಳು. ವಾರದೊಳಗೆ ಮಂಜೂರಾತಿ ಬಂತು. ಕೆಳಗೆ ಸಾಹೇಬರ ಷರಾ: ‘ಅರ್ಜಿದಾರರ ಹತ್ತಿರ ಸ್ವಂತ ಎಮ್ಮೆ ಇರುವುದು ಖಾತ್ರಿಯಾಗಿದೆ.’